ನವನಗರದ ಅಂಗಡಿಯಲ್ಲಿ ಅಪ್ಪನ ಪುಟ್ಟಣ್ಣ ಕ್ಯಾಸೆಟ್ ಮತ್ತೆ ಹಾಡಿತು

ಹಳೆ ಕ್ಯಾಸೆಟ್ಟನ್ನು ಪೆನ್ ಡ್ರೈವ್‌ಗೆ ಹಾಕಿಕೊಡುವವರು ಬಾಗಲಕೋಟೆಯಲ್ಲಿ ಇನ್ನೂ ಇದ್ದಾರೆ. ನವನಗರದಲ್ಲಿ ಟಿವಿ ರಿಪೇರಿ ಮಾಡುವ ಸಣ್ಣ ಅಂಗಡಿ.

ನಾನು ಒಯ್ದದ್ದು ಒಂದೇ ಕ್ಯಾಸೆಟ್. 1985ರ ಜೂನ್‌ನಲ್ಲಿ ಸಿನಿಮಾ ನಿರ್ದೇಶಕ ಪುಟ್ಟಣ್ಣ ಕಣಗಾಲ್ ತೀರಿಕೊಂಡರಲ್ಲ, ಆಗ ಅಪ್ಪ ಹಾಡಿನ ಪಟ್ಟಿ ಬರೆದು ಕೊಟ್ಟು ತುಂಬಿಸಿಕೊಂಡು ಬಂದಿದ್ದರು. ಎ ಸೈಡಿಗೆ 'ಶರಪಂಜರ', 'ನಾಗರಹಾವು'. ಬಿ ಸೈಡಿಗೆ 'ಎಡಕಲ್ಲು ಗುಡ್ಡದ ಮೇಲೆ', 'ಶುಭಮಂಗಳ'. ಹಳೆ ಊರಿನ ಮನೆ ಮುಳುಗಡೆಗೆ ಹೋದಾಗ ಟ್ರಂಕಿನಲ್ಲಿ ನಮ್ಮ ಜೊತೆ ಬಂತು. ಆಮೇಲೆ ಯಾರೂ ಮುಟ್ಟಿರಲಿಲ್ಲ.

ಅಂಗಡಿಯವರು ಐದು ಸ್ಕ್ರೂ ಬಿಚ್ಚಿ ತೋರಿಸಿದರು. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಟೇಪನ್ನು ಪ್ಲೇಯರಿನ ಹೆಡ್ಡಿಗೆ ಒತ್ತಿ ಹಿಡಿಯುವ ಹುರುಳಿಕಾಳಿನಷ್ಟು ಫೆಲ್ಟ್ ಬಟ್ಟೆಯ ತುಂಡು ಉದುರಿಹೋಗಿತ್ತು. ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಸುರುಳಿ ಕೂರಿಸಿ, ಪೆನ್ಸಿಲ್ ತೂರಿಸಿ ನಿಧಾನ ಸುತ್ತಿದರು. ಆಮೇಲೆ ಕೇಳಿದರು: "ಗುಂಯ್ ಅನ್ನೋ ಸದ್ದು ತೆಗೀಲೇನ್ರಿ? ತೆಗದ್ರ ದನಿನೂ ತೆಳ್ಳಗಾಗ್ತದ." ಎರಡೂ ಥರ ಕೇಳಿಸಿದರು. ಸದ್ದು ಇರಲಿ ಅಂದೆ. ಹೀಗೆ ಕೇಳುವವರು ಎಷ್ಟು ಜನ ಸಿಗುತ್ತಾರೆ, ಹೇಳಿ.

ಮನೆಯಲ್ಲಿ ಹಾಕಿದಾಗ ಮೊದಲು ಬಂದದ್ದು 'ಶರಪಂಜರ'ದ 'ಹದಿನಾಲ್ಕು ವರ್ಷ ವನವಾಸದಿಂದ'. ಮೆಂತ್ಯ ಸೋಸುತ್ತಿದ್ದ ಅವ್ವನ ಕೈ ನಿಂತಿತು. ಮಾನಸಿಕ ಆಸ್ಪತ್ರೆಯಿಂದ ಮರಳಿದ ಕಾವೇರಿಯನ್ನು ಮನೆಯವರೇ ನಂಬುವುದಿಲ್ಲ. ಅಂಥವಳ ಬಾಯಲ್ಲಿ ಪುಟ್ಟಣ್ಣ ಸೀತೆ ಮರಳಿ ಬಂದ ಹಾಡು ಇಟ್ಟರು. ಪಿ. ಸುಶೀಲಾ ದನಿ ಅಷ್ಟು ಸಿಹಿ ಇರುವುದಕ್ಕೇ ಎದೆಗೆ ಜಾಸ್ತಿ ನಾಟುತ್ತದೆ. ಸುಮ್ನೆ ಕಥೆ ನಿಲ್ಲಿಸಿ ಹಾಡು ಹಾಕುವ ಪೈಕಿ ಅಲ್ಲ ಪುಟ್ಟಣ್ಣ. ಅದೇ ಸಿನಿಮಾದಲ್ಲಿ ಬೇಂದ್ರೆಯವರ 'ಉತ್ತರ ಧ್ರುವದಿಂ' ಕೂಡ ಇದೆ. 'ನಮ್ಮ ಧಾರವಾಡದ ಅಜ್ಜನ ಹಾಡು' ಅಂತ ಅಪ್ಪ ಪ್ರತಿ ಸಲ ಹೇಳುತ್ತಿದ್ದರು.

ಕೊರತೆಯೂ ಇದೆ. ಐದು ದಿನ ಅಂದವರು ಒಂಬತ್ತು ದಿನ ಮಾಡಿದರು. 'ಸೂರ್ಯಂಗೂ ಚಂದ್ರಂಗೂ' ಕೊನೆ ಚರಣದಲ್ಲೇ ಕತ್ತರಿಸಿಹೋಗಿತ್ತು. ತಿರುಗಿ ಒಯ್ದಾಗ ಮತ್ತೆ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಹಾಡಿನ ಹೆಸರು ಮಾತ್ರ ಬರೆದಿಲ್ಲ, ಬರೀ ಟ್ರ್ಯಾಕ್ 1, ಟ್ರ್ಯಾಕ್ 2.

ಒಟ್ಟು 200 ರೂಪಾಯಿ ಕೊಟ್ಟೆ. ನೀವು ಹೋಗುವುದಾದರೆ ಬೆಳಿಗ್ಗೆ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಮನೆಗೆ ಬಂದ ಮೇಲೆ ಎಲ್ಲ ಹಾಡನ್ನೂ ಕೊನೆತನಕ ಕೇಳಿ. ಹಳೆ ಡಬ್ಬಿಯನ್ನೂ ವಾಪಸ್ ಕೇಳಿ ಪಡೆಯಿರಿ. ನಮ್ಮದರ ಮೇಲೆ ಅಪ್ಪನ ನೀಲಿ ಶಾಯಿಯ ಅಕ್ಷರ ಇತ್ತು.