ಅರ್ಧ ಮಿಲಿಮೀಟರ್ ತೂತಿಗೆ ಡ್ರಿಲ್ಲೋ, ಸ್ಪಾರ್ಕೋ?

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರದ ಸಣ್ಣ ಟೂಲ್‌ರೂಮ್‌ನಲ್ಲಿ ನನ್ನ ಕೆಲಸ. ಜಾಸ್ತಿ ಬರುವುದು ಡೈ ಪ್ಲೇಟ್ (ಅಚ್ಚಿನ ಪ್ಲೇಟ್): ಡಿ2 ಅನ್ನುವ ಟೂಲ್ ಸ್ಟೀಲ್, ಹಾರ್ಡ್ನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಆದ ಮೇಲೆ ಗಟ್ಟಿತನ 60 ಎಚ್‌ಆರ್‌ಸಿ, ದಪ್ಪ 20 ಮಿ.ಮೀ. ವೈರ್‌ಕಟ್‌ನ, ಅಂದರೆ ತಂತಿಯ ಕಿಡಿಯಿಂದ ಲೋಹ ಕತ್ತರಿಸುವ ಮಷೀನಿನ, ತಂತಿ ಪೋಣಿಸಲು ಅದರಲ್ಲಿ 0.5 ಮಿ.ಮೀ. ತೂತು ಬೇಕು. ಮೂರು ದಾರಿಯನ್ನೂ ಮಾಡಿ ನೋಡಿದ್ದೇನೆ.

ಹಾರ್ಡ್ನಿಂಗ್‌ಗೆ ಮುಂಚೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ ಹಾಕಿದರೆ ಖರ್ಚು ಕಡಿಮೆ. ಆದರೆ ಅಷ್ಟು ಸಣ್ಣ ಡ್ರಿಲ್ಲಿಗೆ ಉದ್ದ ಸಾಲದು, ಹಿಂದಿನಿಂದ ದೊಡ್ಡ ಡ್ರಿಲ್ ಹಾಕಿ ದಪ್ಪ ಇಳಿಸಬೇಕು. ಪ್ಲೇಟ್ ಅತ್ತಿಬೆಲೆ ದಾಟಿ ಹಾರ್ಡ್ನಿಂಗ್ ಮುಗಿಸಿಕೊಂಡು ಬಂದಾಗ ಕೆಲವು ತೂತುಗಳಲ್ಲಿ ಕಿಟ್ಟ ಕಟ್ಟಿತ್ತು.

ಹಾರ್ಡ್ನಿಂಗ್ ಆದ ಮೇಲೆ ಕಾರ್ಬೈಡ್ (ಸ್ಟೀಲಿಗಿಂತ ಗಟ್ಟಿ ವಸ್ತು) ಡ್ರಿಲ್. 4 ಮಿ.ಮೀ. ಇಳಿಯುವಷ್ಟರಲ್ಲಿ ಮುರಿಯಿತು. ತುಂಡನ್ನು ತೆಗೆಯಲು ಕೊನೆಗೆ ಸ್ಪಾರ್ಕ್‌ಗೇ ಹೋಗಬೇಕಾಯಿತು.

ಮೂರನೆಯ ದಾರಿ ಈ ಸ್ಪಾರ್ಕ್, ವಿದ್ಯುತ್ ಕಿಡಿಯಿಂದ ತೂತು ಕೊರೆಯುವ ಮಷೀನ್. ನಮ್ಮಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತದೆ, ಆದರೆ ಈ ಮಷೀನಿಗೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಡ್ರಿಲ್ ಇಡಿಎಂ. ತಿರುಗುವ ಹಿತ್ತಾಳೆ ಟ್ಯೂಬ್, ಅದರೊಳಗಿಂದ ಜೋರಾಗಿ ಬರುವ ಡಿಐ (ಲವಣ ತೆಗೆದ) ನೀರು, ತುದಿಯಲ್ಲಿ ಕಿಡಿ. ಟ್ಯೂಬ್ ಲೋಹವನ್ನು ಮುಟ್ಟುವುದೇ ಇಲ್ಲ. ಕಿಡಿಯ ಬಿಸಿಗೆ ಲೋಹ ಚೂರುಚೂರಾಗಿ ಕರಗುತ್ತದೆ, ನೀರು ಅದನ್ನು ಹೊರಗೆ ತಳ್ಳುತ್ತದೆ, ಹಾಗಾಗಿ ಸ್ಟೀಲ್ ಎಷ್ಟೇ ಗಟ್ಟಿ ಇದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. 0.4ರ ಟ್ಯೂಬ್ ಹಾಕಿದರೆ ಸುತ್ತಲಿನ ಗ್ಯಾಪ್ ಸೇರಿ ತೂತು ಸುಮಾರು 0.5 ಬರುತ್ತದೆ.

ತೊಂದರೆ ಇಲ್ಲ ಅಂತಲ್ಲ. ಟ್ಯೂಬ್ ಕೂಡ ಸವೆಯುತ್ತದೆ, 20 ಮಿ.ಮೀ. ತೂತಿಗೆ ನನಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ಹಿತ್ತಾಳೆ ಹೋಯಿತು, ಹಾಗಾಗಿ ಮಷೀನ್ ತೋರಿಸುವ ಆಳವನ್ನು ನಂಬಿ ಕುರುಡು ತೂತು (ಆಚೆ ದಾಟದ ತೂತು) ಹಾಕಬೇಡಿ. ತಳ ಒಡೆಯುವಾಗ ನೀರೆಲ್ಲ ಕೆಳಗೆ ಸೋರಿ ಕಿಡಿ ತಡವರಿಸುತ್ತದೆ. ಕೆಳಗೊಂದು ಸ್ಕ್ರ್ಯಾಪ್ ಪ್ಲೇಟ್ ಒತ್ತಿ ಕಟ್ಟಿದ ಮೇಲೆ ನನಗೆ ಅದು ಸರಿಯಾಯಿತು. ಒಳಗೋಡೆಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ ತೆಳು ಪದರವೂ ಉಳಿಯುತ್ತದೆ. ವೈರ್‌ಕಟ್ ಹೇಗೂ ಆ ಭಾಗವನ್ನು ಕತ್ತರಿಸಿ ಹಾಕುತ್ತದೆ ಅಲ್ವಾ, ನಮಗೆ ಚಿಂತೆಯಿಲ್ಲ. ತೂತನ್ನು ಹಾಗೇ ಬಳಸುವ ನಾಝಲ್ ಮಾಡುವವರು ಮಾತ್ರ ಯೋಚಿಸಬೇಕು.

ಕಾರ್ಬೈಡ್ ಬುಷ್ ಬಂದಾಗ ಇದೇ ಹಿತ್ತಾಳೆ ಸುಮ್ನೆ ಸವೆದುಹೋಯಿತು, ತೂತು ಇಳಿಯಲೇ ಇಲ್ಲ. ತಾಮ್ರದ ಟ್ಯೂಬ್ ಹಾಕಿದೆ, ನಿಧಾನವಾದರೂ ಆಚೆ ದಾಟಿತು. ತಾಮ್ರ ಮೆತ್ತಗೆ, ಬೇಗ ಬಾಗುತ್ತದೆ. ಟ್ಯೂಬನ್ನು ನೇರ ಹಿಡಿಯುವ ಗೈಡ್‌ಗೆ ಪೋಣಿಸುವಾಗ ಹುಷಾರು.

ಈ ವಾರ 36 ತೂತಿನ ಡಿ2 ಪ್ಲೇಟ್ ಬಂದಿದೆ. 400 ಮಿ.ಮೀ.ನ ಒಂದು ಟ್ಯೂಬಿಗೆ, ಹಿಡಿತಕ್ಕೆ ಉಳಿಯುವ ತುಂಡು ಬಿಟ್ಟರೆ, 14 ತೂತು ಸಿಗುತ್ತದೆ. ಮೂರು ಹಿತ್ತಾಳೆ ಟ್ಯೂಬ್ ತೆಗೆದಿಟ್ಟಿದ್ದೇನೆ.