ಒಂದೇ ಪೋರ್ಟಲ್‌ನ ಮೂರು ಥರ ಕಟ್ಟಿದೆ, ಆರು ತಿಂಗಳು ಬಿಟ್ಟು ನೋಡಿದೆ

ಶನಿಗ್ರಹಕ್ಕೆ ಎಷ್ಟು ಚಂದ್ರ? ನಾನು ಕಟ್ಟಿದ ಮೊದಲನೇ ಪೋರ್ಟಲ್ 146 ಅಂದಿತು. ಎರಡನೇದು 274 ಅಂದಿತು. ಮೂರನೇದು ಶನಿಯ ಮಾತೇ ಎತ್ತದೆ, "ಇದು ಸೌರಮಂಡಲದ ಕಾಯಗಳ ಪಟ್ಟಿ" ಅನ್ನುವ ಒಂದು ಸಾಲು ತೋರಿಸಿ ಸುಮ್ಮನಾಯಿತು. ಮೂರನ್ನೂ ಕಟ್ಟಿದ್ದು ನಾನೇ. ವಿಷಯವೂ ಒಂದೇ, ಕಟ್ಟಿದ ವಾರವೂ ಒಂದೇ.

ವಿಕಿಪೀಡಿಯದಲ್ಲಿ ಪೋರ್ಟಲ್ ಅಂದರೆ ಒಂದು ವಿಷಯದ ಮುಖಪುಟ. ಆ ವಿಷಯದ ಒಳ್ಳೆಯ ಲೇಖನಗಳು, ಚಿತ್ರಗಳು, "ನಿಮಗಿದು ಗೊತ್ತೆ?" ತುಣುಕುಗಳು, ವರ್ಗಗಳು ಎಲ್ಲ ಒಂದೇ ಕಡೆ ಸಿಗಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2005ರಿಂದ ಇದಕ್ಕೆಂದೇ ಬೇರೆ ನೇಮ್‌ಸ್ಪೇಸ್ (ಪುಟಗಳ ಪ್ರತ್ಯೇಕ ವಿಭಾಗ) ಇದೆ. ಕಟ್ಟುವ ದಾರಿ ಮಾತ್ರ ಒಬ್ಬೊಬ್ಬರದು ಒಂದೊಂದು. ಯಾವುದು ಚೆನ್ನ ಅಂತ ಕೇಳಿದರೆ ಎಲ್ಲರೂ ತಾವು ಕಟ್ಟಿದ್ದನ್ನೇ ಹೊಗಳುತ್ತಾರೆ. ಅದಕ್ಕೇ 2024ರ ಡಿಸೆಂಬರ್‌ನಲ್ಲಿ ನನ್ನ ಸದಸ್ಯ ಪುಟದ ಕೆಳಗೆ ಸೌರಮಂಡಲದ ಪೋರ್ಟಲನ್ನು ಮೂರು ಥರ ಕಟ್ಟಿದೆ. ಆಮೇಲೆ ಬೇಕೆಂದೇ ಮುಟ್ಟಲಿಲ್ಲ. 2025ರ ಜೂನ್‌ನಲ್ಲಿ ಹೋಗಿ ನೋಡಿದೆ. ಕಟ್ಟಿದ ದಿನ ಎಲ್ಲವೂ ಚೆಂದ ಕಾಣುತ್ತವೆ. ಯಾರೂ ನೋಡಿಕೊಳ್ಳದಾಗ ಏನಾಗುತ್ತದೆ ಅನ್ನೋದೇ ನನಗೆ ಬೇಕಿದ್ದ ಪರೀಕ್ಷೆ.

ಮೊದಲನೇದು ಹಳೇ ಪದ್ಧತಿ, ಉಪಪುಟಗಳದ್ದು. "ಆಯ್ದ ಲೇಖನ/1", "ಆಯ್ದ ಲೇಖನ/2" ಅಂತ ಒಂದೊಂದು ಲೇಖನಕ್ಕೂ ಒಂದೊಂದು ಸಣ್ಣ ಪುಟ. ಅದರಲ್ಲಿ ಒಂದು ಚಿತ್ರ, ನಾವೇ ಬರೆದ ನಾಲ್ಕೈದು ಸಾಲು, ಕೊನೆಗೆ "ಮುಂದೆ ಓದಿ" ಕೊಂಡಿ. ಮುಖ್ಯ ಪುಟದಲ್ಲಿರುವ ಟೆಂಪ್ಲೇಟು (ಬೇಕಾದ ಪುಟದಲ್ಲಿ ಸೇರಿಸಬಹುದಾದ ಸಿದ್ಧ ಅಚ್ಚು) ಅವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿ ತೋರಿಸುತ್ತದೆ. ನಾನು 20 ಲೇಖನ, 10 ಚಿತ್ರ, 8 ತುಣುಕು ಮಾಡಿದೆ. ಪೀಠಿಕೆ, ವರ್ಗ, ವಿಷಯಪಟ್ಟಿ, ಮಾಡಬೇಕಾದ ಕೆಲಸ, ತಲೆಪಟ್ಟಿ ಸೇರಿ ಒಟ್ಟು 43 ಉಪಪುಟ. ಆರು ಸಂಜೆ ಹಿಡಿಯಿತು.

ನಿಜ ಹೇಳಬೇಕೆಂದರೆ ಓದಲು ಮೂರರಲ್ಲಿ ಇದೇ ಚೆಂದ. ಲೇಖನದ ಮೊದಲ ಪ್ಯಾರಾ ಬರೆದವರು ಪೋರ್ಟಲ್ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದಿರುವುದಿಲ್ಲ. ವ್ಯಾಸ ಇಷ್ಟು, ದ್ರವ್ಯರಾಶಿ ಇಷ್ಟು ಅಂತ ಶುರು ಮಾಡಿರುತ್ತಾರೆ. ನಾನೇ ಬರೆದರೆ ನೆಪ್ಚೂನನ್ನು ಕಣ್ಣಿಂದ ಹುಡುಕುವ ಮೊದಲೇ ಲೆಕ್ಕ ಹಾಕಿ ಜಾಗ ಗುರುತಿಸಿದ್ದರು, 1846ರಲ್ಲಿ ಅದು ಸರಿಸುಮಾರು ಅಲ್ಲೇ ಸಿಕ್ಕಿತು ಅನ್ನುವುದರಿಂದ ಶುರು ಮಾಡಬಹುದು. ಅಷ್ಟು ಓದಿದವರು ಲೇಖನಕ್ಕೆ ಹೋಗೇ ಹೋಗುತ್ತಾರೆ.

ತೊಂದರೆ ಆಮೇಲೆ. ಹೀಗೆ ಬರೆದದ್ದು ಅಲ್ಲೇ ನಿಂತುಬಿಡುತ್ತದೆ. 2025ರ ಮಾರ್ಚ್‌ನಲ್ಲಿ ಶನಿಗೆ ಒಂದೇ ಸಲ 128 ಹೊಸ ಚಂದ್ರಗಳು ಸೇರಿದವು, ಒಟ್ಟು 274 ಆಯಿತು. ಲೇಖನವನ್ನು ಯಾರೋ ತಿದ್ದಿದರು. ನನ್ನ ಉಪಪುಟವನ್ನು ಯಾರು ತಿದ್ದುತ್ತಾರೆ? ಅದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಶನಿಯ ಚಂದ್ರಗಳ ಲೆಕ್ಕ 2019ರಲ್ಲಿ 82 ಇತ್ತು, 2023ರಲ್ಲಿ 146 ಆಯಿತು. ಇಂಥ ಸಂಖ್ಯೆಯನ್ನು ಬೇರೆ ಕಡೆ ನಕಲು ಮಾಡಿ ಇಟ್ಟ ತಪ್ಪು ನನ್ನದೇ.

ಇನ್ನೊಂದು ಸಣ್ಣ ಬಲೆ ಇದೆ. ಎಷ್ಟು ಉಪಪುಟ ಇವೆ ಅಂತ ಮುಖ್ಯ ಪುಟದ ಟೆಂಪ್ಲೇಟಿಗೆ ಹೇಳಬೇಕು. 21ನೇದು ಸೇರಿಸಿ, ಮೇಲೆ 20 ಅಂತಲೇ ಬಿಟ್ಟರೆ ಹೊಸದು ಯಾವತ್ತೂ ಕಾಣಿಸುವುದಿಲ್ಲ. ಉಲ್ಟಾ ಆದರೆ ಆಗೊಮ್ಮೆ ಈಗೊಮ್ಮೆ ಪೆಟ್ಟಿಗೆಯ ನಡುವೆ ಇಲ್ಲದ ಪುಟದ ಒಂದು ಕೆಂಪು ಕೊಂಡಿ ಮಾತ್ರ ಇರುತ್ತದೆ. ಲೇಖನದಿಂದಲೇ ಸಾಲುಗಳನ್ನು ಎತ್ತಿಕೊಂಡರೆ ಎಲ್ಲಿಂದ ತಂದದ್ದು ಅಂತ ಸಂಪಾದನೆಯ ಸಾರಾಂಶದಲ್ಲಿ ಬರೆಯಲೇಬೇಕು. ವಿಕಿಪೀಡಿಯದ ಬರಹಗಳಿಗಿರುವ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ ಪರವಾನಗಿ ಅದನ್ನು ಕೇಳುತ್ತದೆ. ಬಹಳ ಜನ ಬರೆಯುವುದಿಲ್ಲ. ನಾನೂ ಎರಡು ಕಡೆ ಮರೆತಿದ್ದೆ.

ಇದಕ್ಕಿಂತ ಕೆಟ್ಟದ್ದು ಕಿಡಿಗೇಡಿತನ. ಮುಖ್ಯ ಪುಟವನ್ನು ವೀಕ್ಷಣಾಪಟ್ಟಿಗೆ (ಪುಟ ಬದಲಾದರೆ ನಮಗೆ ತೋರಿಸುವ ಪಟ್ಟಿ) ಹಾಕಿದರೆ ಉಪಪುಟಗಳು ತಾವಾಗಿ ಸೇರುವುದಿಲ್ಲ. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಬೇರೊಂದು ಪೋರ್ಟಲ್‌ನ ಉಪಪುಟದಲ್ಲಿ ಯಾರೋ ಗೆಳೆಯನನ್ನು ಬೈದು ಬರೆದ ಒಂದು ಸಾಲು ಹನ್ನೊಂದು ತಿಂಗಳು ಹಾಗೇ ಇತ್ತು. ಹತ್ತಾರು ಸಲ ಆ ಪೋರ್ಟಲ್ ತೆರೆದಿದ್ದೆ. ಒಂದು ಸಲವೂ ಆ ಪೆಟ್ಟಿಗೆ ನನ್ನ ಪಾಲಿಗೆ ಬಂದಿರಲಿಲ್ಲ.

ಎರಡನೇದು, ಲೇಖನದ ತಲೆಯನ್ನೇ ಎಳೆದು ತೋರಿಸುವ ದಾರಿ. ಉಪಪುಟ ಇಲ್ಲ. ಒಂದೇ ಪುಟದಲ್ಲಿ ಒಂದು ಟೆಂಪ್ಲೇಟು, ಅದರೊಳಗೆ ನಾವು ಆರಿಸಿದ 20 ಲೇಖನಗಳ ಹೆಸರು. ಹಿಂದೆ ಕೆಲಸ ಮಾಡೋದು ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಮಾಡ್ಯೂಲ್. ಅದು ಪಟ್ಟಿಯಿಂದ ಒಂದು ಹೆಸರು ಎತ್ತಿ, ಆ ಲೇಖನದ ಮೊದಲ ಪ್ಯಾರಾವನ್ನೂ ಒಂದು ಚಿತ್ರವನ್ನೂ ತಂದು ಹಾಕುತ್ತದೆ. ಲೇಖನ ಬದಲಾದರೆ ಇಲ್ಲೂ ಬದಲಾಗುತ್ತದೆ. ಅದಕ್ಕೇ 274 ಸರಿಯಾಗಿ ಬಂತು.

ಕಟ್ಟಲು ಒಂದು ಸಂಜೆ ಸಾಕು ಅಂತಾರೆ. ಮಾಡ್ಯೂಲ್ ಮೊದಲೇ ಇರುವ ದೊಡ್ಡ ವಿಕಿಯಲ್ಲಿ ಆ ಮಾತು ನಿಜ. ಚಿಕ್ಕ ವಿಕಿಗೆ ಅದನ್ನು ತರಬೇಕಾದರೆ ಅದರ ಜೊತೆ ನಾಲ್ಕಾರು ನೆಂಟರೂ ಬರುತ್ತಾರೆ. ಒಂದು ಮಾಡ್ಯೂಲ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಮೊದಲ ದಿನ ನನಗೆ ಸಿಕ್ಕಿದ್ದು ಕೆಂಪಕ್ಷರದ ಸ್ಕ್ರಿಪ್ಟ್ ದೋಷ. ಅದು ಹೋದ ಮೇಲೆ ಗ್ರಹದ ವಿವರಣೆಯ ಜಾಗದಲ್ಲಿ ಇಡೀ ಇನ್ಫೋಬಾಕ್ಸ್ (ಲೇಖನದ ಪಕ್ಕದಲ್ಲಿರುವ ಮಾಹಿತಿ ಪೆಟ್ಟಿಗೆ) ಬಂದು ಕೂತಿತು. ಯಾವ ಟೆಂಪ್ಲೇಟುಗಳನ್ನು ಬಿಟ್ಟು ಓದಬೇಕು ಅನ್ನುವ ಪಟ್ಟಿ ಮಾಡ್ಯೂಲ್‌ನ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಅದರಲ್ಲಿದ್ದದ್ದು ಇಂಗ್ಲಿಷ್ ಹೆಸರುಗಳು. ನಮ್ಮ ಟೆಂಪ್ಲೇಟುಗಳ ಹೆಸರು ಕನ್ನಡದಲ್ಲಿ. ಅದಕ್ಕೆ ಅವುಗಳ ಗುರುತೇ ಸಿಗಲಿಲ್ಲ. ಆ ಪಟ್ಟಿ ತುಂಬಿಸಿದ ಮೇಲೆ ಸರಿಹೋಯಿತು.

ಆರು ತಿಂಗಳ ಮೇಲೆ ಹೋಗಿ "ಹೊಸ ಆಯ್ಕೆ ತೋರಿಸು" ಒತ್ತಿದೆ. ಈ ಕೊಂಡಿ ಇರಲೇಬೇಕು. ಪುಟದ ಮೊದಲೇ ತಯಾರಾದ ಪ್ರತಿ ಸರ್ವರ್‌ನ ಕ್ಯಾಶ್‌ನಲ್ಲಿ ಇರುವುದರಿಂದ, ಅದನ್ನು ಒತ್ತದೆ ಬರೀ ರಿಫ್ರೆಶ್ ಮಾಡಿದರೆ ಹಳೇದೇ ಕಾಣುತ್ತಿರುತ್ತದೆ. ಭೂಮಿ ಬಂತು, ಟೈಟನ್ ಬಂತು, ಸಿರಿಸ್ ಬಂತು. ಏಳನೇ ಸಲಕ್ಕೆ "ಗುರು ಎಂದರೆ ಶಿಷ್ಯನಿಗೆ ವಿದ್ಯೆ ಕಲಿಸುವವನು" ಅಂತ ಬಂತು, ಮೇಲೆ "ಸೌರಮಂಡಲದ ಆಯ್ದ ಲೇಖನ" ಅನ್ನುವ ತಲೆಬರಹ. ಪಟ್ಟಿಯಲ್ಲಿ "ಗುರು (ಗ್ರಹ)" ಅಂತ ಬರೆಯುವ ಬದಲು ಬರೀ "ಗುರು" ಅಂತ ಬರೆದಿದ್ದೆ. ಕಟ್ಟಿದ ದಿನದಿಂದಲೂ ತಪ್ಪು ಅಲ್ಲೇ ಇತ್ತು. ಇಪ್ಪತ್ತರಲ್ಲಿ ಒಂದು ಸಲ ಕಾಣುವ ತಪ್ಪನ್ನು ನಾಲ್ಕು ಸಲ ಒತ್ತಿ ನೋಡಿದವನು ಹಿಡಿಯುವುದು ಹೇಗೆ?

ಈಗ ಒಂದು ಉಪಾಯ ಮಾಡಿದ್ದೇನೆ. ಪಟ್ಟಿಯ 20 ಲೇಖನಗಳ ತಲೆಯೂ ಸಾಲಾಗಿ ಒಂದರ ಕೆಳಗೊಂದು ಬರುವಂತೆ ಬೇರೆ ಒಂದು ಪರೀಕ್ಷೆ ಪುಟ. ಎರಡು ತಿಂಗಳಿಗೊಮ್ಮೆ ಅದನ್ನು ಮೇಲಿಂದ ಕೆಳಗೆ ಓದಿದರೆ ಹತ್ತು ನಿಮಿಷದಲ್ಲಿ ಮುಗಿಯಿತು. ಯಾದೃಚ್ಛಿಕವಾಗಿ ತೋರಿಸುವ ಪೋರ್ಟಲ್ ಯಾರ ಬಳಿ ಇದ್ದರೂ ಮೊದಲು ಇದನ್ನು ಮಾಡಿಕೊಳ್ಳಿ.

ಈ ದಾರಿಗೆ ಇನ್ನೊಂದು ದೋಷವೂ ಉಂಟು. ಲೇಖನದ ತಲೆಗೆ ಕಿಡಿಗೇಡಿ ಏನಾದರೂ ಬರೆದರೆ ಅದು ನೇರ ಪೋರ್ಟಲ್‌ಗೂ ಬರುತ್ತದೆ. ಆದರೆ ಶನಿಯ ಲೇಖನವನ್ನು ಕಾಯುವವರು ಬಹಳ, ಬೇಗ ತೆಗೆಯುತ್ತಾರೆ. ಆ ಹನ್ನೊಂದು ತಿಂಗಳಿಗೆ ಹೋಲಿಸಿದರೆ ನನಗೆ ಇದು ಒಪ್ಪಿಗೆ.

ಮೂರನೇದು ಪೂರ್ತಿ ತಾನೇತಾನಾಗಿ ಆಗುವ ಪೋರ್ಟಲ್. ಲೇಖನಗಳನ್ನು ಆರಿಸುವ ಕೆಲಸವೂ ನಮಗಿಲ್ಲ. ವಿಷಯದ ನ್ಯಾವ್‌ಬಾಕ್ಸ್ (ಲೇಖನದ ಕೊನೆಯಲ್ಲಿ ಬರುವ ಕೊಂಡಿಗಳ ಪೆಟ್ಟಿಗೆ) ಹೆಸರು ಕೊಟ್ಟರೆ ಅದರಲ್ಲಿರುವ ಕೊಂಡಿಗಳನ್ನೆಲ್ಲ ತೆಗೆದು ಸ್ಲೈಡ್‌ಶೋ ಮಾಡುತ್ತದೆ. 20 ನಿಮಿಷದ ಕೆಲಸ. ಇದರಲ್ಲೇ ಇದರ ಅಪಾಯವೂ ಇದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ನಡೆದದ್ದು ಇದೇ. 2018ರ ಏಪ್ರಿಲ್‌ನಲ್ಲಿ ಪೋರ್ಟಲ್‌ಗಳನ್ನೆಲ್ಲ ತೆಗೆದುಬಿಡೋಣ ಅನ್ನುವ ಪ್ರಸ್ತಾಪ ಬಂತು. ಸಮುದಾಯ ಬೇಡ ಅಂದಿತು. ಆಗ ಇದ್ದದ್ದು ಸುಮಾರು 1,500. ಉಳಿದ ಖುಷಿಯಲ್ಲಿ ಹೊಸ ಉಪಕರಣ ಹಿಡಿದು ಸರಸರ ಕಟ್ಟುತ್ತಾ ಹೋದರು. ಒಂದು ವರ್ಷದೊಳಗೆ ಸಂಖ್ಯೆ 5,000 ದಾಟಿತು. ಯಾರು ಓದುತ್ತಾರೆ, ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆ ಎದ್ದಾಗ ಉತ್ತರ ಇರಲಿಲ್ಲ. 2019ರಲ್ಲಿ ಅವನ್ನು ರಾಶಿರಾಶಿಯಾಗಿ ಅಳಿಸಿದರು. ಪಾಲನೆ ಇಲ್ಲದ ಹಳೇ ಪೋರ್ಟಲ್‌ಗಳೂ ಅದರ ಜೊತೆಗೇ ಹೋದವು. ಕಟ್ಟುವುದು ಅಷ್ಟು ಅಗ್ಗ ಆಗದೇ ಇದ್ದಿದ್ದರೆ ಈ ಜಗಳ ಇಷ್ಟು ಬೆಳೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನನ್ನದರ ಕಥೆಗೆ ಬಂದರೆ, ನ್ಯಾವ್‌ಬಾಕ್ಸ್‌ನಲ್ಲಿ ಇರೋದೆಲ್ಲ ತೋರಿಸಲು ಲಾಯಕ್ಕಾದ ಲೇಖನವಲ್ಲ. ಪಟ್ಟಿಗಳಿರುತ್ತವೆ, ಎರಡು ಸಾಲಿನ ಚುಟುಕುಗಳಿರುತ್ತವೆ. ಆರು ತಿಂಗಳಲ್ಲಿ ಯಾರೋ ನ್ಯಾವ್‌ಬಾಕ್ಸ್‌ಗೆ ಹದಿನೈದು ಕೊಂಡಿ ಸೇರಿಸಿದ್ದರು. ಅವರ ತಪ್ಪಲ್ಲ. ಅದನ್ನು ನಂಬಿಕೊಂಡು ಒಂದು ಪೋರ್ಟಲ್ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಪುಟ ತೆರೆಯಲು ಉಸಿರು ಕಟ್ಟುತ್ತಿತ್ತು. ಲುವಾಗೆ ಒಂದು ಪುಟಕ್ಕೆ 10 ಸೆಕೆಂಡಿನ ಮಿತಿ, ಟೆಂಪ್ಲೇಟುಗಳು ಬಿಚ್ಚಿಕೊಳ್ಳುವುದಕ್ಕೆ 2 ಎಂಬಿ ಮಿತಿ. ಅರುವತ್ತು ಲೇಖನಗಳ ತಲೆ ಒಟ್ಟಿಗೆ ಎಳೆದರೆ ಅದನ್ನು ಮುಟ್ಟುವುದು ಕಷ್ಟವೇನಲ್ಲ.

ಆದರೂ ಮೂರನೇದರಲ್ಲಿ ನನ್ನನ್ನು ನಗಿಸಿದ್ದು "ನಿಮಗಿದು ಗೊತ್ತೆ?" ಪೆಟ್ಟಿಗೆ. ವಿಕಿಪೀಡಿಯದ ಮುಖಪುಟದಲ್ಲಿ ಬಂದುಹೋದ ತುಣುಕುಗಳಲ್ಲಿ ನಾವು ಕೊಟ್ಟ ಪದ ಇರುವುದನ್ನು ಅದು ಹುಡುಕಿ ತರುತ್ತದೆ. ನಾನು ಗ್ರಹಗಳ ಹೆಸರು ಕೊಟ್ಟೆ. "ಶನಿ" ಕೊಟ್ಟದ್ದಕ್ಕೆ ಶನಿವಾರ ನಡೆದದ್ದೆಲ್ಲ ಬಂತು. "ಗುರು"ಗೆ "ಗುರುತಿಸಲಾಗಿದೆ" ಬಂತು, ವಿಕಿಯಲ್ಲಿ ಆ ಪದ ಇಲ್ಲದ ಲೇಖನ ಉಂಟಾ! "ಭೂಮಿ"ಗೆ ಯಾವುದೋ ನಾಟಕದ ಭೂಮಿಕೆ. ಸರಿ, ಪದದ ಆಚೆ ಈಚೆ ಖಾಲಿ ಜಾಗ ಇರಲೇಬೇಕು ಅಂತ ಷರತ್ತು ಹಾಕಿದೆ. ಆಗ ಶನಿಯ, ಶನಿಗೆ, ಶನಿಯಲ್ಲಿ ಎಲ್ಲ ತಪ್ಪಿಹೋದವು. ವಿಭಕ್ತಿ ಅಂಟಿಕೊಳ್ಳುವ ನಮ್ಮ ಭಾಷೆಗೆ ಇಂಗ್ಲಿಷ್‌ಗೆ ಹೊಲಿದ ಅಂಗಿ ಹಿಡಿಸುವುದಿಲ್ಲ. ಕೊನೆಗೆ ಆ ಪೆಟ್ಟಿಗೆಯನ್ನೇ ತೆಗೆದೆ.

ಪೋರ್ಟಲ್ ಬೇಡವೇ ಬೇಡ ಅನ್ನುವ ದಾರಿಯೂ ಒಂದಿದೆ ಅಲ್ವಾ. ಒಳ್ಳೆಯ ಮುಖ್ಯ ಲೇಖನ, ಅದರ ಕೆಳಗೆ ಒಂದು ನ್ಯಾವ್‌ಬಾಕ್ಸ್. ಧೂಮಕೇತುವಿನಂಥ ಸಣ್ಣ ವಿಷಯಕ್ಕೆ ನಾನು ಇದನ್ನೇ ಹೇಳುತ್ತೇನೆ. ಒಂದು ಪುಟವನ್ನು ಎಷ್ಟು ಸಲ ನೋಡಿದ್ದಾರೆ ಅಂತ ಹೇಳುವ ಪೇಜ್‌ವ್ಯೂಸ್ ಉಪಕರಣದಲ್ಲಿ ಯಾವುದಾದರೂ ಪೋರ್ಟಲನ್ನೂ ಅದರ ಮುಖ್ಯ ಲೇಖನವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಓದುಗರು ಎಲ್ಲಿದ್ದಾರೆ ಅಂತ ತಿಳಿಯುತ್ತದೆ. ಒಂದೇ ಕೊರತೆ, ಮೊಬೈಲ್ ಆವೃತ್ತಿಯಲ್ಲಿ ನ್ಯಾವ್‌ಬಾಕ್ಸ್ ಕಾಣುವುದೇ ಇಲ್ಲ.

ಈಗ ನಾನು ಉಳಿಸಿಕೊಂಡಿರೋದು ಎರಡನೇದನ್ನು, ಸ್ವಲ್ಪ ಬೆರಕೆ ಮಾಡಿ. ಲೇಖನಗಳ ಪಟ್ಟಿ ನನ್ನ ಆಯ್ಕೆ, ಪಠ್ಯ ಲೇಖನದ್ದು. ಪೀಠಿಕೆ ಮಾತ್ರ ಕೈಯಾರೆ ಬರೆದಿದ್ದೇನೆ, ಅದರಲ್ಲಿ ಬದಲಾಗುವ ಸಂಖ್ಯೆ ಒಂದೂ ಇಲ್ಲ. ತುಣುಕುಗಳೂ ಕೈಯಾರೆ ಬರೆದವು, ಎಂಟೇ. ಶುಕ್ರನಲ್ಲಿ ತನ್ನ ಸುತ್ತ ಒಂದು ಸುತ್ತು ತಿರುಗುವ ಹೊತ್ತು ಅಲ್ಲಿನ ಒಂದು ವರ್ಷಕ್ಕಿಂತ ಜಾಸ್ತಿ ಅನ್ನೋದು ನಾಳೆ ಬದಲಾಗುವುದಿಲ್ಲ. ಚಿತ್ರಗಳನ್ನೂ ನಾನೇ ಆರಿಸಿದೆ. ಹಕ್ಕುಸ್ವಾಮ್ಯ ಇದ್ದೂ ನ್ಯಾಯಬಳಕೆ ಅಂತ ಹಾಕುವ ಚಿತ್ರಗಳನ್ನು ಪೋರ್ಟಲ್‌ನಲ್ಲಿ ಹಾಕುವಂತಿಲ್ಲ. ಈ ವಿಷಯಕ್ಕೆ ಅದು ತೊಡಕಾಗಲಿಲ್ಲ, ನಾಸಾದ ಚಿತ್ರಗಳು ಬಹುಪಾಲು ಸಾರ್ವಜನಿಕ ಸ್ವತ್ತು. ಸಿನಿಮಾ ಪೋರ್ಟಲ್ ಕಟ್ಟುವವರ ಪಾಡು ಬೇರೆ. "ಸುದ್ದಿಯಲ್ಲಿ" ಪೆಟ್ಟಿಗೆ ಇಟ್ಟಿಲ್ಲ. ಒಂದು ವರ್ಷ ಹಳೇ ಸುದ್ದಿ ಇರುವ ಪುಟ ಬೀಗ ಹಾಕಿದ ಮನೆಯ ಥರ ಕಾಣುತ್ತದೆ.

ಮೊದಲನೇದನ್ನು ಅಳಿಸೋಣ ಅಂತ ಹೊರಟೆ. ನಮ್ಮದೇ ಪುಟವಾದರೂ ಅಳಿಸುವ ಬಟನ್ ನಿರ್ವಾಹಕರ ಕೈಯಲ್ಲಿ ಮಾತ್ರ. 43 ಉಪಪುಟ, ಒಂದು ಮುಖ್ಯ ಪುಟ, ಒಂದೊಂದಕ್ಕೂ ಅಳಿಸುವಿಕೆಯ ಟೆಂಪ್ಲೇಟು ಹಾಕಿದೆ. ಮೂವತ್ತನೇದರ ಹೊತ್ತಿಗೆ ನಿರ್ವಾಹಕರೊಬ್ಬರು ನನ್ನ ಚರ್ಚಾಪುಟದಲ್ಲಿ ಬರೆದರು: "ಇನ್ನೂ ಎಷ್ಟಿವೆ ಮಾರಾಯ್ರೇ?"