ದಾವಣಗೆರೆಯಲ್ಲಿ ಕತ್ತು ನೋವಿಗೆ ಕೈಚಿಕಿತ್ಸೆ: ಯಾರ ಕೈಗೆ ಕತ್ತು ಕೊಡಬೇಕು?

ಕತ್ತು ಹಿಡಿದುಕೊಂಡರೆ ನಮ್ಮೂರಲ್ಲಿ ಮೂರು ದಾರಿ. ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ಲಟಕ್ಕನೆ ತಿರುಗಿಸಿಕೊಳ್ಳುವುದು, ಎಣ್ಣೆ ಹಚ್ಚಿಸಿ ಉಜ್ಜಿಸಿಕೊಳ್ಳುವುದು, ಇಲ್ಲವೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವುದು.

ಮೊದಲನೆಯದು ಬೇಡವೇ ಬೇಡ. ಕತ್ತಿನಲ್ಲಿರುವುದು 7 ಮೂಳೆ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಇವುಗಳಲ್ಲಿ ಮೇಲಿನ 6 ಮೂಳೆಗಳ ಪಕ್ಕದ ತೂತುಗಳೊಳಗೇ ಏರಿ ಹೋಗುತ್ತವೆ. ಹಠಾತ್ತನೆ ತಿರುಚಿದಾಗ ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅಪರೂಪ, ಆದರೆ ಆಗುವಂಥದ್ದೇ. ಆ ಸದ್ದು ಕೂಡ ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯದು. ಬೆಚ್ಚಗಿನ ಎಣ್ಣೆ ದಣಿದ ಸ್ನಾಯುವಿಗೆ ಹಿತ. ಆದರೆ ಕೈಗೆ ನೋವು ಇಳಿಯುತ್ತಿದ್ದರೆ ಗಟ್ಟಿಯಾಗಿ ಉಜ್ಜಿಸಿಕೊಂಡವರಿಗೆ ರಾತ್ರಿ ನೋವು ಹೆಚ್ಚುವುದುಂಟು.

ಮೂರನೆಯದರಲ್ಲೂ ಕಾಳು, ಜೊಳ್ಳು ಎರಡೂ ಇವೆ. ಒಳ್ಳೆಯವರನ್ನು ಗುರುತಿಸುವುದು ಸುಲಭ: ಕೈ ಹಾಕುವ ಮುಂಚೆ ಅವರು ಹತ್ತು-ಹದಿನೈದು ನಿಮಿಷ ಪರೀಕ್ಷೆ ಮಾಡುತ್ತಾರೆ. ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಕೇಳುತ್ತಾರೆ. ಸಾಮಾನ್ಯವಾಗಿ ಹೆಬ್ಬೆರಳಾದರೆ ಕತ್ತಿನ 6ನೇ ನರ, ನಡುಬೆರಳಾದರೆ 7ನೆಯದು, ಕಿರುಬೆರಳಾದರೆ 8ನೆಯದು. ತಲೆಯನ್ನು ಹಿಂದಕ್ಕೆ, ನೋವಿರುವ ಕಡೆಗೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದಾಗ ಕೈಗೆ ಝುಮ್ಮೆಂದರೆ ನರ ಒತ್ತಿಕೊಂಡಿರುವ ಅನುಮಾನ ಬಲವಾಗುತ್ತದೆ.

ದಿನಚರಿಯನ್ನೂ ಕೇಳಬೇಕು. ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಬಾಗಿ ಹುರಿಯುವವರು, ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವರು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಮೊಬೈಲ್ ಹಿಡಿದು ಕೂತ ಮಕ್ಕಳು: ಒಬ್ಬೊಬ್ಬರ ಕತ್ತಿನ ಮೇಲೂ ಬೀಳುವ ಭಾರ ಬೇರೆ. ತಲೆಯೇ ಸುಮಾರು 5 ಕೆಜಿ. ಅದು ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಹೆಚ್ಚು ಎಳೆದು ಹಿಡಿಯಬೇಕು. ಹೆಗಲ ಹಲಗೆಯ ಮೇಲ್ತುದಿಯಲ್ಲಿ ಬೆರಳಿಗೆ ಸಿಗುವ ಗಂಟು ಬಹುಪಾಲು ಈ ದುಡಿತದ್ದೇ.

ಇನ್ನು ಕೈಕೆಲಸ. ಅಂಗಾತ ಮಲಗಿಸಿ, ತಲೆಬುರುಡೆಯ ಬುಡಕ್ಕೆ ಎಂಟೂ ಬೆರಳ ತುದಿ ಕೊಟ್ಟು ಎರಡು-ಮೂರು ನಿಮಿಷ ಸುಮ್ಮನೆ ಹಿಡಿಯುತ್ತಾರೆ. ಇಲ್ಲಿ ಒತ್ತುವುದು ಬೆರಳಲ್ಲ, ತಲೆಯ ಭಾರವೇ. ಬಿಗಿದ ಸಣ್ಣ ಸ್ನಾಯುಗಳು ಸಡಿಲವಾಗುವುದು ರೋಗಿಗೂ ಗೊತ್ತಾಗುತ್ತದೆ. ಆಮೇಲೆ ಗಂಟಿನ ಮೇಲೆ 30ರಿಂದ 60 ಸೆಕೆಂಡ್ ಒಂದೇ ಸಮನೆ ಒತ್ತಡ. ನೋವು ಹತ್ತಕ್ಕೆ ಐದಾರು ದಾಟಿದರೆ ಸ್ನಾಯು ತಿರುಗಿ ಬಿಗಿಯುತ್ತದೆ, ಹಲ್ಲು ಕಚ್ಚಿ ಸಹಿಸುವುದರಿಂದ ಏನೂ ಸಿಗದು. ಕೊನೆಗೆ ಬಿಗಿದ ಕೀಲಿನ ಮೇಲೆ ಹೆಬ್ಬೆರಳಿಟ್ಟು ನಿಧಾನ ಲಯದಲ್ಲಿ ಒತ್ತಿ ಬಿಡುವುದು, ಅರ್ಧ ನಿಮಿಷದ ಎರಡು-ಮೂರು ಸುತ್ತು. ಮುಗಿದ ತಕ್ಷಣ ಮತ್ತೆ ತಲೆ ತಿರುಗಿಸಿ ನೋಡಿಸಬೇಕು. ಮೊದಲಿಗಿಂತ ಗದ್ದ ಹೆಗಲ ಹತ್ತಿರ ಬಂತೇ? ಇದನ್ನು ನೋಡದವರು ಕುರುಡಾಗಿ ಕೆಲಸ ಮಾಡುತ್ತಿದ್ದಾರೆ ಎಂದೇ ನಮ್ಮ ಲೆಕ್ಕ.

ಊರಿನ ಕ್ಲಿನಿಕ್‌ಗಳಲ್ಲಿ ಹೆಚ್ಚು ಬೇಸರ ತರಿಸುವುದು ಯಂತ್ರ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟುಹೋಗುವ ರೂಢಿ. ಕರೆಂಟ್, ಅಲ್ಟ್ರಾಸೌಂಡ್ ಜೊತೆಗಿರಲಿ, ಅದೇ ಚಿಕಿತ್ಸೆಯಾಗಬಾರದು. ಕೈಯಿಂದ ಸಿಗುವ ಆರಾಮವೂ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಆ ಬಿಡುವಿನಲ್ಲಿ ವ್ಯಾಯಾಮ ಕಲಿಸಬೇಕು: ಬೆನ್ನು ನೆಟ್ಟಗಿಟ್ಟು ಗದ್ದವನ್ನು ನೇರ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯುವುದು, ಹತ್ತು ಸಲ, ದಿನಕ್ಕೆ ಎರಡು-ಮೂರು ಬಾರಿ. ಬಹಳ ಜನ ಗದ್ದವನ್ನು ಎದೆಗೆ ಬಗ್ಗಿಸುತ್ತಾರೆ, ಅದು ತಪ್ಪು. ಕತ್ತಿಗೆ ಕಟ್ಟುವ ಪಟ್ಟಿ (ಕಾಲರ್) ವಾರಗಟ್ಟಲೆ ಹಾಕಿದರೆ ಸ್ನಾಯು ಸೊರಗುತ್ತದೆ. ಐದಾರು ಸಲ ಹೋದರೂ ಏನೂ ಬದಲಾಗದಿದ್ದರೆ ಮತ್ತೆ ಪರೀಕ್ಷಿಸಲು ಕೇಳಿ. ಎಕ್ಸ್‌ರೇಯಲ್ಲಿ ಸವೆತ ಕಂಡಿತೆಂದು ಹೆದರಬೇಡಿ. ನಲವತ್ತು ದಾಟಿದ, ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಕಾಣುತ್ತದೆ.

ಬಿದ್ದ ಮೇಲೆ ಬಂದ ನೋವು, ಜ್ವರ, ಕೈಯಲ್ಲಿ ಬಲ ಕುಂದುವುದು, ಅಂಗಿ ಗುಂಡಿ ಹಾಕಲು ಬಾರದಿರುವುದು, ನಡೆಯುವಾಗ ಓಲಾಡುವುದು, ಮೂತ್ರದ ಹಿಡಿತ ತಪ್ಪುವುದು, ನೋವಿನ ಜೊತೆ ಎದೆ ಹಿಂಡಿ ಬೆವರುವುದು, ಇವುಗಳಲ್ಲಿ ಒಂದಿದ್ದರೂ ಕೈಚಿಕಿತ್ಸೆ ಬೇಡ, ನೇರ ಬಾಪೂಜಿ ಆಸ್ಪತ್ರೆಗೋ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹೋಗಿ.

ಫೋನ್ ಮಾಡುವಾಗಲೇ ಎರಡು ಮಾತು ಕೇಳಿ: ಕೈ ಹಾಕುವವರು ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿಯ ಪದವಿ, ಸ್ನಾತಕೋತ್ತರ ಪದವಿ) ಓದಿದವರೇ, ಒಬ್ಬ ರೋಗಿಗೆ ಎಷ್ಟು ನಿಮಿಷ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಮಹಿಳಾ ಥೆರಪಿಸ್ಟ್ ಬೇಕಿದ್ದರೆ ಆಗಲೇ ಹೇಳಿ. ಹೋಗುವಾಗ ಹಳೆಯ ರಿಪೋರ್ಟು, ಮಾತ್ರೆ ಚೀಟಿ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಹಾಸಿಗೆ ಮೇಲೆ ಮಲಗುವ ಮೊದಲೇ ತಿಳಿಸಿ.